ಡಾಕ್ಟರ್ ಏನಂದರು

ಅಮ್ಮಾ,

ನೀನಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ನಿದ್ದೆ ಹತ್ತುತ್ತಿಲ್ಲ. ಇವತ್ತು ಪಾಪುವಿಗೆ ಚುಚ್ಚುಮದ್ದು ಹಾಕಿಸಲು ಆಂಡರ್ಸನ್‌ಪೇಟೆಯ ನಮ್ಮ ಡಾಕ್ಟರ ಹತ್ತಿರ ಹೋಗಿದ್ದೆ. ಬಂಗಾರಪೇಟೆ ಕಡೆ ಇಟ್ಟಿಗೆ ಗೂಡಿನಲ್ಲಿ ದುಡಿಯುವ ಒಡಿಶಾದ ಹೆಂಗಸೊಬ್ಬಳು ಏದುಸಿರು ಬಿಡುತ್ತಿದ್ದ ಕೂಸನ್ನು ಎತ್ತಿಕೊಂಡು ಬಂದಳು. ಡಾಕ್ಟರಿಗೆ ತಮಿಳು, ತೆಲುಗು ಬರುತ್ತದೆ, ಹಿಂದಿ ಬಾರದು. ನನಗೆ ಹಿಂದಿ ಬರುತ್ತದೆಂದು ನನ್ನನ್ನು ಒಳಗೆ ಕರೆದರು.

ಅಂಗಿ ಎತ್ತಿದರೆ ಕೂಸಿನ ಹೊಟ್ಟೆಯ ಮೇಲೆ, ಕಾಯಿಲೆ ಹೋಗಲೆಂದು ಹಾಕಿದ ಕಾದ ಕಬ್ಬಿಣದ ಬರೆ, ಇನ್ನೂ ಹಸಿ.

"ಅಯ್ಯೋ, ಎಳೇ ಕೂಸನ್ನ ಸುಟ್ಟವ್ಳಲ್ಲಮ್ಮಾ! ಇವಳೂ ಒಬ್ಬ ತಾಯಾ? ಕೇಳಮ್ಮಾ, ನಾನಂದಂಗೇ ಕೇಳು!" ಬೈಯುತ್ತಲೇ ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಎದೆಗಿಟ್ಟರು. "ನ್ಯುಮೋನಿಯಾ. ಈಗ್ಲೇ ದೊಡ್ಡಾಸ್ಪತ್ರೆಗೆ ಓಗ್ಬೇಕು."

ಆ ದನಿಗೇ ಬೆದರಿ ಅವಳು ಕೂಸಿಗೆ ಸೆರಗು ಮುಚ್ಚಿ ಬಾಗಿಲ ಕಡೆ ತಿರುಗಿದ್ದಳು. "ದೀದಿ, ಡಾಕ್ಟರ್ ಕ್ಯಾ ಬೋಲೆ?"

"ಹೊತ್ತಿಗೆ ಸರಿಯಾಗಿ ತಂದಿದ್ದೀಯಂತೆ. ಈಗಲೇ ದೊಡ್ಡಾಸ್ಪತ್ರೆಗೆ ಹೋದರೆ ಮಗು ಉಳಿಯುತ್ತಂತೆ" ಎಂದೆ ಹಿಂದಿಯಲ್ಲಿ.

ಅವಳು ಡಾಕ್ಟರಿಗೆ ಕೈಮುಗಿದಳು. ಅವರು ಮುಖ ಕೊಡದೆ, ತಾವೇ ಹೊರಗೆ ಹೋಗಿ ಆಟೋ ನಿಲ್ಲಿಸಿದರು.

ನನ್ನ ಹೊಟ್ಟೆಯ ಮೇಲೂ ಅಂಥದೇ ಬರೆ ಇದೆಯಲ್ಲ. ಅವತ್ತು ನೀನು ನನ್ನನ್ನು ಎತ್ತಿಕೊಂಡು ಯಾವ ಡಾಕ್ಟರ ಮುಂದೆ ನಿಂತಿದ್ದೆ, ಅವರು ನಿನಗೆ ಏನಂದರು ಎಂದು ನಾನು ಒಂದು ದಿನವೂ ಕೇಳಲಿಲ್ಲ, ಅಮ್ಮಾ.