ಮೂರು ಸಲ ಬಂದ ಹೆಸರು

ಮೌಂಟ್ ಹೋಪ್, ಓಹಾಯೊ
೨೦ ನವೆಂಬರ್ ೧೯೮೩, ಭಾನುವಾರ ಮಧ್ಯಾಹ್ನ

ಪ್ರೀತಿಯ ಲವೀನಕ್ಕನಿಗೆ,

ದೇವರ ಶಾಂತಿ ನಿಮ್ಮ ಮನೆಯ ಮೇಲಿರಲಿ. ನಾವೆಲ್ಲ ಸೌಖ್ಯ. ನೀನು, ಪೆರಿ ಭಾವ, ಮಕ್ಕಳು ಹೇಗಿದ್ದೀರಿ? ನಿನ್ನ ಎರಡು ಕಾಗದಗಳೂ ಕೈಸೇರಿ ಐದು ವಾರವಾಯಿತು. ಕೆಂಟಕಿಯಲ್ಲಿ ಕುಳಿತು ನೀನು ನನ್ನನ್ನು ಬೈದುಕೊಳ್ಳುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಬೈಯಿ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಸೇಬು ಕುದಿಸುವುದಿತ್ತು, ಹಂದಿ ಕಡಿಯುವುದಿತ್ತು, ಎಡ್ನಾಗೆ ಕೆಮ್ಮು ಹತ್ತಿತ್ತು ಎಂದು ನೆಪ ಹೇಳಬಹುದು. ಎಲ್ಲವೂ ನಿಜವೇ. ಆದರೆ ಬರೆಯದೆ ಇದ್ದದ್ದು ಅದಕ್ಕಲ್ಲ.

ಚೀಟಿ ನಮ್ಮ ಆಟ್ಲೀಗೆ ಬಂತು ಅಕ್ಕ. ನನ್ನ ಗಂಡ ಈಗ ಬೋಧಕ.

ನಗಬೇಡ. ಅಥವಾ ನಕ್ಕುಬಿಡು, ನಾನೂ ಮೊದಲು ನಕ್ಕೆ, ಆಮೇಲೆ ಅತ್ತೆ. ಆಟ್ಲೀ ಎಂಥವನೆಂದು ನಿನಗೆ ಗೊತ್ತು. ಜೀನು, ಲಗಾಮು ಹೊಲಿಯುವ ಅಂಗಡಿಯನ್ನು ಇಪ್ಪತ್ತು ವರ್ಷ ನಡೆಸಿರುವುದೇ ‘ಹೂಂ’, ‘ಗುರುವಾರ ಬನ್ನಿ’ ಎಂಬ ಎರಡು ಮಾತಿನಲ್ಲಿ. ನನ್ನನ್ನು ಮದುವೆಗೆ ಕೇಳಿದ ದಿನ ಗಾಡಿಯಲ್ಲಿ ಮೂರು ಮೈಲಿ ಬಾಯಿ ಬಿಡದೆ ಬಂದು, ಕೊನೆಗೆ ಕುದುರೆಗೆ “ಇವಳು ಒಪ್ತಾಳಾ ಕೇಳು” ಎಂದವನು. ಇಂಥವನು ಇನ್ನು ಸಾಯುವವರೆಗೆ ನೂರೈವತ್ತು ಜನರ ಮುಂದೆ, ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲದೆ, ನಿಂತು ಮಾತಾಡಬೇಕು.

ಮುದುಕ ಜೋನಾಸ್ ತೀರಿಕೊಂಡಾಗಿನಿಂದ ನಮ್ಮ ಸಭೆಯಲ್ಲಿ ಒಬ್ಬ ಬೋಧಕನ ಜಾಗ ಖಾಲಿ ಇತ್ತು. ಅಕ್ಟೋಬರ್ ಹದಿನಾರರಂದು ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನವಾದ ಮೇಲೆ ಹೆಸರು ಕೇಳಿದರು. ಗಂಡಸರು ಮೊದಲು, ಆಮೇಲೆ ನಾವು, ಸಾಲಾಗಿ ಆ ಕೋಣೆಯ ಮುಂದೆ ಹಾದೆವು. ಬಾಗಿಲು ಒಂದು ಗೇಣು ತೆರೆದಿತ್ತು. ಒಳಗೆ ಸಭಾಸೇವಕ ಎನೋಸ್ ಕಿವಿಗೊಟ್ಟು ಕೂತಿದ್ದ. ಒಬ್ಬೊಬ್ಬರೂ ತಮಗೆ ಯೋಗ್ಯನೆಂದು ತೋರಿದವನ ಹೆಸರನ್ನು ಪಿಸುಗುಟ್ಟಿ ಮುಂದೆ ಹೋದರು. ನಾನೂ ಹೇಳಿ ಬಂದು ಬೆಂಚಿನಲ್ಲಿ ಕೂತೆ.

ಮೂರು ಸಲವಾದರೂ ಬಂದ ಹೆಸರಿಗೆ ಮಾತ್ರ ಮೇಜಿನ ಮೇಲೆ ಪುಸ್ತಕ. ಅಂದು ಅಂಥ ಹೆಸರುಗಳು ಐದು. ಬಿಷಪ್ ರೋಮನ್ ನಾಲ್ಕನೆಯದಾಗಿ “ಆಟ್ಲೀ ರೇಬರ್” ಎಂದಾಗ, ನಮ್ಮಲ್ಲಿ ಇನ್ನೊಬ್ಬ ಆಟ್ಲೀ ರೇಬರ್ ಯಾವಾಗ ಬಂದನಪ್ಪಾ ಎಂದು ತಲೆಯೆತ್ತಿ ನೋಡಿದೆ. ಅವನೂ ಹಿಂದಕ್ಕೆ ತಿರುಗಿ ಅದನ್ನೇ ಹುಡುಕುತ್ತಿದ್ದ. ಐದು ಹಾಡಿನ ಪುಸ್ತಕ, ಐದಕ್ಕೂ ದಾರ ಕಟ್ಟಿತ್ತು, ಒಂದರೊಳಗೆ ಮಾತ್ರ ಚೀಟಿ. ವಯಸ್ಸಿನ ಪ್ರಕಾರ ಒಬ್ಬೊಬ್ಬರೇ ಎದ್ದು ಒಂದೊಂದನ್ನು ತೆಗೆದುಕೊಂಡರು. ರೋಮನ್ ಮೊದಲನೆಯವನ ದಾರ ಬಿಚ್ಚಿದರು, ಇಲ್ಲ. ಎರಡನೆಯದು, ಇಲ್ಲ. ಮೂರನೆಯದು ಆಟ್ಲೀಯದು. ಚೀಟಿ ಅಲ್ಲೇ ಇತ್ತು. ಪಕ್ಕದಲ್ಲಿದ್ದ ವರ್ನಾ ನನ್ನ ಕೈ ಹಿಡಿದುಕೊಂಡು ಅತ್ತಳು. ಅವಳ ಗಂಡನ ಪುಸ್ತಕ ನಾಲ್ಕನೆಯದಾಗಿತ್ತು. ಆ ಅಳುವಿನಲ್ಲಿ ಅರ್ಧ ನಮ್ಮ ಮೇಲಿನ ಮರುಕ, ಅರ್ಧ ತಾನು ಪಾರಾದ ಸಮಾಧಾನ. ನಾನು ತಪ್ಪು ತಿಳಿಯಲಿಲ್ಲ.

ಆರು ವರ್ಷದ ಹಿಂದೆ ಪೆರಿ ಭಾವನಿಗೆ ಚೀಟಿ ಬಂದಾಗ ನೀನು ನಾಲ್ಕು ಪುಟ ಅತ್ತು ಬರೆದಿದ್ದೆ. ಅನ್ನ ಸೇರದು, ಗಂಡ ಗೋಡೆ ನೋಡುತ್ತ ಕೂರುತ್ತಾನೆ ಎಂದಿದ್ದೆ. ನಾನು ‘ದೇವರ ಚಿತ್ತ, ಧೈರ್ಯವಾಗಿರು’ ಎಂದು ಒಂದು ಸಾಲು ಗೀಚಿ, ಉಳಿದ ಎರಡು ಪುಟ ಸೌತೆಕಾಯಿ ಉಪ್ಪಿನಕಾಯಿಯ ವಿಷಯ ಬರೆದೆ. ಆ ಕಾಗದವನ್ನು ನೀನು ಒಲೆಗೆ ಹಾಕಿದ್ದರೆ ಒಳ್ಳೆಯದು. ಕ್ಷಮಿಸು ಅಕ್ಕ.

ಆಟ್ಲೀಗೆ ಚೀಟಿ ಬಂದ ವಾರದ ಮಂಗಳವಾರ ಅವನು ಅಂಗಡಿ ಮುಚ್ಚಿ, ಕುದುರೆ ಹೂಡಿ, “ರೋಮನಣ್ಣನ ಮನೆಗೆ ಹೋಗ್ಬೇಕು, ಬಾ” ಎಂದ. ನಾನೂ ಹೋದೆ. ಬಿಷಪ್ಪರು ಅಡುಗೆಮನೆಯಲ್ಲಿ ಹೆಂಡತಿಗೆ ಸೇಬು ಹೆಚ್ಚಿಕೊಡುತ್ತಿದ್ದರು. ಆಟ್ಲೀ ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತೇ ಇದ್ದ.

“ರೋಮನಣ್ಣಾ, ತಪ್ಪಾಗಿದೆ.”

“ಯಾರದಪ್ಪಾ ತಪ್ಪು? ದೇವರದಾ?”

“ಚೀಟಿ ದೇವರು ಕೊಟ್ಟಿದ್ದು, ಒಪ್ತೀನಿ. ಆದ್ರೆ ಮೇಜಿನ ಮೇಲೆ ನನಗೊಂದು ಪುಸ್ತಕ ಇಡಿಸಿದ್ದು ಜನ. ಜನ ತಪ್ಪು ಮಾಡ್ತಾರೆ.”

ಅಕ್ಕ, ಅವನ ಬಾಯಲ್ಲಿ ಒಂದೇ ಉಸಿರಿಗೆ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು. ರೋಮನ್ ಚಾಕು ಕೆಳಗಿಟ್ಟರು.

“ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನಿನ್ನ ಹೆಸರು ಸರಿಯಾಗಿ ಮೂರೇ ಸಲ ಬಂತು. ಎರಡಾಗಿದ್ರೆ ಸಾಲ್ತಿರ್ಲಿಲ್ಲ, ನೀನು ಇವತ್ತು ಅಂಗಡೀಲಿ ಕೂತು ಚರ್ಮ ಹೊಲೀತಿದ್ದೆ. ಒಬ್ಬರಿಗೊಬ್ಬರು ಮಾತಾಡ್ಕೊಳ್ದೆ ಮೂರು ಜನ ನಿನ್ನಲ್ಲಿ ಏನೋ ಕಂಡಿದ್ದಾರೆ. ಆ ಮೂರು ಜನಾನೂ ಕುರುಡರು ಅಂತೀಯಾ?”

ಬಿಷಪ್ಪರ ಹೆಂಡತಿ ನಮಗೆ ಒಣಸೇಬಿನ ಪೈ ಕೊಟ್ಟರು, ತಿಂದು ಹೊರಟೆವು. ಅರ್ಧ ದಾರಿಯಲ್ಲಿ “ಮೂರು ಜನ” ಎಂದ. ಮನೆಯ ಗೇಟಿನ ಹತ್ತಿರ ಇನ್ನೊಮ್ಮೆ ಎಂದ.

ಅಂದಿನಿಂದ ಅವನಿಗೆ ಅದೇ ಊರುಗೋಲು. ಬೆಳಿಗ್ಗೆ ಗಂಜಿ ಅರ್ಧಕ್ಕೇ ಬಿಟ್ಟು ಚಮಚ ಕೆಳಗಿಟ್ಟವನು, “ಮೂರು ಜನ, ಸಲೋಮಾ” ಎಂದು ಮತ್ತೆ ಎತ್ತಿಕೊಳ್ಳುತ್ತಾನೆ. ಬಾಯಿ ಪಳಗಲಿ ಎಂದು ಏನು ಸಿಕ್ಕಿದರೂ ಗಟ್ಟಿಯಾಗಿ ಓದುತ್ತಾನೆ. ಬೀಜದ ಪಟ್ಟಿ, ಪಂಚಾಂಗ, ನಿನ್ನ ಕಾಗದಗಳು ಎಲ್ಲವನ್ನೂ. ಒಂದು ದಿನ ಎಡ್ನಾ ಲಾಯದಿಂದ ಓಡಿಬಂದು, “ಅಮ್ಮಾ, ಅಪ್ಪ ಕುದುರೆಗೆ ಬೈಬಲ್ ಹೇಳ್ಕೊಡ್ತಾ ಇದಾರೆ!” ಎಂದಳು. ಎಂಟು ವರ್ಷದವಳಿಗೆ ಅದು ತಮಾಷೆ. ನಾನು ಅವಳನ್ನು ಕೋಳಿಗೆ ಕಾಳು ಹಾಕಲು ಅಟ್ಟಿದೆ.

ಕಳೆದ ಭಾನುವಾರ ವರ್ನಾಳ ಮನೆಯಲ್ಲಿ ಸಭೆ. ಆಟ್ಲೀಯ ಮೊದಲ ಬೋಧನೆ, ಅರ್ಧ ಗಂಟೆಯದು. ಎದ್ದು ನಿಂತ. ಮಾತು ಬರಲಿಲ್ಲ. ಮೊದಲ ಸಾಲಿನ ಮುದುಕರು ನೆಲ ನೋಡಿದರು. ಯಾರದೋ ಮಗು ಕುಂಯ್‌ಗುಟ್ಟಿ ಸುಮ್ಮನಾಯಿತು. ನಾನು ಏಪ್ರನ್ನಿನ ಅಂಚನ್ನು ಮಡಚಿ ಮಡಚಿ ಬೆರಳು ನೋಯಿಸಿಕೊಂಡೆ. ಅವನು ಗಂಡಸರ ಕಡೆ ಒಂದು ಸಾರಿ, ಹೆಂಗಸರ ಕಡೆ ಒಂದು ಸಾರಿ, ಬೆಂಚು ಬೆಂಚಿನ ಮೇಲೂ ಕಣ್ಣಾಡಿಸಿದ. ಯಾರನ್ನು ಹುಡುಕುತ್ತಿದ್ದಾನೆಂದು ನನಗೊಬ್ಬಳಿಗೆ ಗೊತ್ತಿತ್ತು. ಆಮೇಲೆ ಶುರುಮಾಡಿದ.

“ನಾನು ಕುದುರೆ ಕೊರಳಪಟ್ಟಿ ಹೊಲಿಯೋನು. ಅದು ಬಿಟ್ರೆ ನನಗೇನೂ ಗೊತ್ತಿಲ್ಲ. ಕುದುರೆ ಹೆಗಲು ಹುಣ್ಣಾಗೋದು ಭಾರ ಎಳೆದಲ್ಲ, ಅಳತೆ ತಪ್ಪಿದ ಪಟ್ಟಿಯಿಂದ. ನನಗೆ ಹಾಕಿರೋ ಪಟ್ಟಿ ನನ್ನ ಅಳತೇದಲ್ಲ ಅಂತ ನಾಲ್ಕು ವಾರ ಅಂದ್ಕೊಂಡೆ. ಈಗ್ಲೂ ಅಂದ್ಕೊಳ್ತೀನಿ. ಆದ್ರೆ ಹೊಸ ಪಟ್ಟಿ ಯಾವತ್ತೂ ಬಿಗಿ. ನಿಂತಲ್ಲೇ ನಿಂತ್ರೆ ಅದು ಸಡಿಲ ಆಗಲ್ಲ.”

ಅಲ್ಲಿಂದ ಬೈಬಲ್ಲಿನಲ್ಲಿ ‘ನನ್ನ ನೊಗ ಹೊತ್ತುಕೊಳ್ಳಿ’ ಎಂಬ ಮಾತು ಬರುವ ಅಧ್ಯಾಯಕ್ಕೆ ಹೋದ. ಧ್ವನಿ ಚಿಕ್ಕದು, ಎಲ್ಲರೂ ಮುಂದೆ ಬಾಗಿ ಕೇಳಬೇಕಾಯಿತು, ಬಾಗಿ ಕೇಳಿದರು. ಹದಿನೇಳು ವರ್ಷ ಜೊತೆಯಲ್ಲಿ ಬಾಳಿದವನನ್ನು ನೋಡುತ್ತ, ಇವನು ಯಾರಪ್ಪಾ ಎಂದುಕೊಂಡೆ. ನನಗೆ ಹೆಮ್ಮೆಯಾಯಿತು, ಹೆಮ್ಮೆ ಪಡಬಾರದು, ಗೊತ್ತು. ಹನ್ನೊಂದೇ ನಿಮಿಷಕ್ಕೆ ಮುಗಿಸಿ ಕೂತುಬಿಟ್ಟ. ಎನೋಸ್‌ಗೆ ತೂಕಡಿಸಲೂ ಸಮಯ ಸಿಗಲಿಲ್ಲ. ಊಟದ ಹೊತ್ತಿಗೆ ಅತ್ತೆ ನನ್ನ ಪಕ್ಕದಲ್ಲಿ ಕೂತು, ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರುತ್ತ, “ನಲವತ್ತೆರಡು ವರ್ಷದಲ್ಲಿ ನನ್ನ ಹತ್ರ ಇಷ್ಟು ಮಾತಾಡಿಲ್ಲ ಕಣೇ. ಮಗನ ಮಾತು ಕೇಳೋಕೆ ಸಭೇಲಿ ಕೂರ್ಬೇಕಾಯ್ತು ನೋಡು” ಎಂದರು. ಕಣ್ಣು ಒದ್ದೆಯಾಗಿತ್ತು.

ಇಲ್ಲಿಗೆ ನಿಲ್ಲಿಸುತ್ತೇನೆ, ಹಾಲು ಕರೆಯುವ ಹೊತ್ತಾಯಿತು. ಪೆರಿ ಭಾವನಿಗೆ ಹೇಳು, ಆಟ್ಲೀಗೆ ಒಂದು ಕಾಗದ ಹಾಕಲಿ. ಹಳೆಯ ಬೋಧಕನ ಮಾತು ಹೊಸಬನಿಗೆ ಬೇಕು. ನಿನ್ನ ಸೊಂಟನೋವಿಗೆ ಬಿಸಿ ಇಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೋ. ದೇವರು ನಿಮ್ಮನ್ನು ಈ ಚಳಿಗಾಲದಲ್ಲಿ ಬೆಚ್ಚಗಿಡಲಿ, ಮಕ್ಕಳನ್ನು ಒಳ್ಳೆಯ ದಾರಿಯಲ್ಲಿ ನಡೆಸಲಿ.

ನಿನ್ನ ತಂಗಿ,
ಸಲೋಮಾ ರೇಬರ್

ಮ.ವಿ.: ಲಕೋಟೆ ಅಂಟಿಸಿದ್ದೆ ಅಕ್ಕ, ಮತ್ತೆ ಬಿಚ್ಚಿದೆ. ಅಂದು ಆ ಬಾಗಿಲ ಹತ್ತಿರ ಬಂದಾಗ ಯಾರ ಹೆಸರು ನೆನೆದರೂ ಅವನ ಹೆಂಡತಿಯ ಮುಖವೇ ಕಣ್ಣಮುಂದೆ ಬಂತು. ನಿನ್ನ ಆ ನಾಲ್ಕು ಪುಟ ನೆನಪಾಯಿತು. ಯಾವ ಮನೆಗೂ ಅಂಥದ್ದನ್ನು ನನ್ನ ಬಾಯಿಂದ ಕಳಿಸಲಾರೆ ಎನಿಸಿತು. ಹಿಂದೆ ಸಾಲು ನಿಂತಿತ್ತು, ಏನಾದರೂ ಹೇಳಲೇಬೇಕಿತ್ತು. ಹಾಗಾಗಿ ನನ್ನ ಮಾತನ್ನು ವ್ಯರ್ಥ ಮಾಡೋಣವೆಂದು ‘ಆಟ್ಲೀ ರೇಬರ್’ ಎಂದೆ. ಇಡೀ ಸಭೆಯಲ್ಲಿ ಬೇರೆ ಯಾರೂ ಆ ಹೆಸರು ಹೇಳುವುದಿಲ್ಲವೆಂದು ಅಷ್ಟು ಖಾತ್ರಿ ನನಗೆ. ಇಬ್ಬರು ಅವನಲ್ಲಿ ನಿಜಕ್ಕೂ ಏನೋ ಕಂಡು ಹೇಳಿದ್ದಾರೆ. ಕಾಣದೆ ಹೇಳಿದವಳು ನಾನು.

ಕಳೆದ ಭಾನುವಾರ ಮನೆಗೆ ಬರುವಾಗ ಗಾಡಿಯಲ್ಲಿ ಬೆರಳು ಮಡಚಿ ಎಣಿಸಿದ. “ಒಬ್ಬ ವರ್ನಾ ಗಂಡ ಇರ್ಬೇಕು. ಒಬ್ಬಳು ವರ್ನಾ. ಮೂರನೆಯೋರು ಯಾರು ಅಂತಾನೇ ಹೊಳೀತಿಲ್ಲ.” ನಾನು ರಸ್ತೆ ನೋಡುತ್ತ ಕೂತೆ. “ನೀನಂತೂ ಅಲ್ಲ ಬಿಡು” ಎಂದು ನಕ್ಕ. “ನಂಗೆ ಇಂಥ ಕಷ್ಟ ಬರ್ಲಿ ಅಂತ ನೀನು ಯಾವತ್ತೂ ಬಯಸೋಳಲ್ಲ.”

ಅವನಿಗೆ ಹೇಳಬೇಕೇ, ಬೇಡವೇ? ನೇರವಾಗಿ ಉತ್ತರ ಬರೆಯಬೇಡ, ನಿನ್ನ ಕಾಗದವನ್ನು ಅವನೇ ಒಡೆದು ನಮಗೆಲ್ಲ ಗಟ್ಟಿಯಾಗಿ ಓದುತ್ತಾನೆ. ಹೇಳು ಎನ್ನುವುದಾದರೆ ಸೌತೆಕಾಯಿ ಉಪ್ಪಿನಕಾಯಿಯ ವಿಷಯ ಒಂದು ಸಾಲು ಬರೆ, ನನಗೆ ತಿಳಿಯುತ್ತದೆ. ಬರುವ ಭಾನುವಾರ ಅವನು ಮತ್ತೆ ಎದ್ದು ನಿಲ್ಲಬೇಕು. ಹೇಳಿಬಿಟ್ಟರೆ ಅವನಿಗೆ ಉಳಿಯುವುದು ಇಬ್ಬರೇ ಅಕ್ಕ, ಮೂರು ಜನ ಬೇಕು.