ಪಕ್ಕದ ನಕ್ಷತ್ರ

ನವೆಂಬರ್ ೧೯, ಮಂಗಳವಾರ

ಒಂಬತ್ತು ವರ್ಷದ ಕೆಲಸ ಮಣ್ಣುಪಾಲಾಯಿತು.

ನಮ್ಮ ಬ್ಲೇಜಾರ್, ಆ ದೂರದ ಗ್ಯಾಲಕ್ಸಿಯ ಉರಿಯುವ ನಡುಭಾಗ, ವರ್ಷಗಟ್ಟಲೆ ನಿಧಾನವಾಗಿ ಮಂಕಾಗಿ ಮತ್ತೆ ಬೆಳಗುತ್ತದೆ. ಅದು ನಿಜವೇ. ಆದರೆ ಅರ್ಧ ಗಂಟೆಯೊಳಗೂ ಅದರ ಬೆಳಕು ಏರಿಳಿಯುತ್ತದೆ ಎಂದು ನಾವು ಬರೆದದ್ದು ತಪ್ಪು. ಏರಿಳಿಯುತ್ತಿದ್ದದ್ದು, ಬೆಳಕು ಬದಲಾಗುವುದಿಲ್ಲವೆಂದು ನಂಬಿ ಹೋಲಿಸಿ ಅಳೆಯಲು ನಾವು ಇಟ್ಟುಕೊಂಡಿದ್ದ ಪಕ್ಕದ ನಕ್ಷತ್ರ.

ಆರು ವರ್ಷದ ಹಿಂದೆಯೇ ಆ ನಕ್ಷತ್ರದ ಮೇಲೆ ಅನುಮಾನ ಬಂದು ನನ್ನ ಪಿಎಚ್‌ಡಿ ಗೈಡ್ ಹತ್ತಿರ ಹೋಗಿದ್ದೆ. "ಅದನ್ನ ನಾನೇ ಆರಿಸಿದ್ದು ಕಣಮ್ಮ. ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದವರು ನನ್ನ ನೋಟ್‌ಬುಕ್ಕಿನಲ್ಲೇ ಹಸಿರು ಶಾಯಿಯಲ್ಲಿ 'ಸ್ಥಿರ' ಎಂದು ಬರೆದು ಸಹಿಯನ್ನೂ ಹಾಕಿದ್ದರು. ಇವತ್ತು ಸೆಮಿನಾರಿನಲ್ಲಿ ಹೊರಗಿನವರೊಬ್ಬರು ತಪ್ಪು ತೋರಿಸಿದಾಗ ಅದೇ ಬಾಯಿ, "ನಕ್ಷತ್ರ ಆರಿಸಿದ್ದು ಇವಳು. ಪಾಪ, ಗೊತ್ತಾಗಿಲ್ಲ" ಎಂದಿತು. ಆ 'ಪಾಪ' ಇನ್ನೂ ಮೈ ಉರಿಸುತ್ತಿದೆ. ನೋಟ್‌ಬುಕ್ಕು ಕಾಲ ಬಳಿಯ ಚೀಲದಲ್ಲೇ ಇತ್ತು. ಚೀಲದ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ, ಅಷ್ಟೇ.

ಆಮೇಲೆ ಗೈಡೇ ಮೆಟ್ಟಿಲ ಹತ್ತಿರ ಕಾದು ನಿಂತು ಕೇಳಿದರು: "ಬೇಜಾರಾಯ್ತೇನಮ್ಮ?"

"ಇಲ್ಲ ಸರ್" ಎಂದೆ.

ಅಷ್ಟಕ್ಕೇ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಥೂ, ನಕ್ಕೂಬಿಟ್ಟೆ.