ಅಳಿಸಿದ ಮೂವತ್ತೊಂದು

ಮಂಗಳವಾರ, ಹದಿನಾಲ್ಕು. ರಾತ್ರಿ.

ಆ ಹುಡುಗಿ ತನ್ನ ಉತ್ತರ ಅಳಿಸಿದ್ದೇ ಕಣ್ಣ ಮುಂದೆ ಬರುತ್ತಿದೆ.

ಇವತ್ತು ಲ್ಯಾಬಿನಲ್ಲಿ ಬರ್ನರ್ ಪ್ರಯೋಗ. ಉರಿದ ಗ್ಯಾಸಿನ ಶಾಖದಲ್ಲಿ ನೀರಿಗೆ ಸೇರಿದ್ದು ನೂರಕ್ಕೆ ಎಷ್ಟು ಎಂಬ ಲೆಕ್ಕ. ಎಲ್ಲರದೂ ನಲವತ್ತೆಂಟು. ಪ್ರತಿ ವರ್ಷವೂ ನಲವತ್ತೆಂಟೇ. ಕೊನೇ ಬೆಂಚಿನ ಅವಳೊಬ್ಬಳದು ಮೂವತ್ತೊಂದು.

"ನೀರು ಸರಿಯಾಗಿ ಅಳೆದ್ಯೇನಮ್ಮ?" ಅಂದೆ.

"ಮೂರು ಸಲ ಮಾಡ್ದೆ ಸರ್. ಅಷ್ಟೇ ಬರುತ್ತೆ."

"ಎಲ್ಲರಿಗೂ ಬಂದಿದ್ದು ನಿನಗೊಬ್ಬಳಿಗೆ ಯಾಕೆ ಬರಲ್ಲ? ತಿದ್ಕೊಂಡು ಬಾ."

ರಬ್ಬರಿನಿಂದ ಉಜ್ಜಿದಳು, ಪುಡಿ ಊದಿದಳು, ನಲವತ್ತೆಂಟು ಬರೆದು ತಂದಳು. ಸಹಿ ಹಾಕಿದೆ.

ಎಲ್ಲರೂ ಹೋದ ಮೇಲೆ ಮನಸ್ಸು ತಡೆಯದೆ ನಾನೇ ಬರ್ನರ್ ಹಚ್ಚಿದೆ. ಮೂವತ್ತೊಂದು. ಇನ್ನೊಮ್ಮೆ ಮಾಡಿದರೆ ಮೂವತ್ತು. ಆಮೇಲೆ ಹೊಳೆಯಿತು. ಮೂರು ವರ್ಷದ ಹಿಂದೆ ಪಾತ್ರೆ ಇಡುವ ಮುಕ್ಕಾಲಿಗಳನ್ನು ಬದಲಾಯಿಸಿದ್ದೆವು. ಹೊಸವು ಹಳೆಯವಕ್ಕಿಂತ ನಾಲ್ಕು ಬೆರಳು ಎತ್ತರ. ಉರಿ ಪಾತ್ರೆಯ ತಳ ಮುಟ್ಟುವುದೇ ಇಲ್ಲ. ಅವನ್ನು ನೋಡಿ ತಂದವನು ನಾನೇ. ಅಂದರೆ ಮೂರು ವರ್ಷದಿಂದ ಎಲ್ಲರೂ ಹಿಂದಿನವರ ರೆಕಾರ್ಡ್ ನೋಡಿಯೇ ಬರೆದಿದ್ದಾರೆ, ನಾನು ಕಣ್ಣುಮುಚ್ಚಿ ಸಹಿ ಗೀಚಿದ್ದೇನೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. "ನೀರು ಕಾಯ್ತಲ್ಲ, ಬಿಡು, ಮಲ್ಕೋ" ಅಂದಳು.

ಎರಡು ಸಲ ದೀಪ ನಂದಿಸಿ ಎರಡು ಸಲ ಹಚ್ಚಿದೆ. ಮುಕ್ಕಾಲಿಯ ಕಾಲು ಕತ್ತರಿಸುವುದು ಅರ್ಧ ಗಂಟೆಯ ಕೆಲಸ. ನಾಳೆ ತರಗತಿಯ ಎದುರು ತಪ್ಪು ನನ್ನದೆಂದು ಹೇಳಬೇಕು, ಹೇಳುತ್ತೇನೆ. ಆದರೆ ಪುಡಿ ಊದುವಾಗ ಅವಳು ಒಮ್ಮೆ ತಲೆಯೆತ್ತಿ ನೋಡಿದಳು. ಕೋಪವಿರಲಿಲ್ಲ. ನಂಬಿದ್ದಳು. ಮೂರು ಸಲ ಕಣ್ಣಾರೆ ಕಂಡದ್ದನ್ನು ಬಿಟ್ಟು, ನನ್ನನ್ನು.